ಹೆಸರಿಲ್ಲದ ವೈರಸ್‌ಗಳ ಪತ್ತೆ

ಪ್ರಶ್ನೆ: ನಗರಗಳ ಒಳಚರಂಡಿ ನೀರಿನಲ್ಲಿರುವ ವೈರಸ್‌ಗಳ ವೈವಿಧ್ಯವನ್ನು ವಿಜ್ಞಾನಿಗಳು ಅಧ್ಯಯನ ಮಾಡುತ್ತಾರೆಂದು ಓದಿದೆ. ಈವರೆಗೆ ಗೊತ್ತೇ ಇಲ್ಲದ ವೈರಸ್‌ಗಳನ್ನು ಗುರುತಿಸುವುದು ಹೇಗೆ? ಅವೆಲ್ಲ ನಮಗೆ ರೋಗ ತರುವಂಥವೇ?

ಉತ್ತರ: ಎರಡನೆಯ ಪ್ರಶ್ನೆಯ ಉತ್ತರ ಸರಳ: ಅಲ್ಲ. ಅವುಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಮಾತ್ರ ಸೋಂಕು ತಗಲಿಸುವ ಫೇಜ್‌ಗಳು. ಆಹಾರದೊಂದಿಗೆ ಹೊಟ್ಟೆ ಸೇರಿದ ಸಸ್ಯ ವೈರಸ್‌ಗಳೂ ಸಾಕಷ್ಟಿರುತ್ತವೆ. ಮೆಣಸಿನಕಾಯಿ ಗಿಡಕ್ಕೆ ತಗಲುವ ಒಂದು ವೈರಸ್ ನಮ್ಮ ಜೀರ್ಣಾಂಗವನ್ನು ಹಾಳಾಗದೆ ದಾಟಿ ಬರುವುದರಿಂದ, ನೀರಿಗೆ ಮಲ ಸೇರಿದೆಯೇ ಎಂದು ತಿಳಿಯಲು ಅದನ್ನೇ ಸೂಚಕವಾಗಿ ಬಳಸುವುದುಂಟು.

ಮೊದಲನೆಯ ಪ್ರಶ್ನೆ ಹೆಚ್ಚು ಸ್ವಾರಸ್ಯಕರ. ಬ್ಯಾಕ್ಟೀರಿಯಾಗಳೆಲ್ಲದರಲ್ಲೂ ಇರುವ, ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ಕಣದ ಒಂದು ಜೀನನ್ನು ಓದಿದರೆ ಯಾವ ಯಾವ ಬಗೆಗಳಿವೆ ಎಂದು ತಿಳಿಯಬಹುದು. ವೈರಸ್‌ಗಳಲ್ಲಿ ಹಾಗೆ ಎಲ್ಲಕ್ಕೂ ಸಮಾನವಾದ ಜೀನ್ ಒಂದೂ ಇಲ್ಲ. ನಿರ್ದಿಷ್ಟ ಜೀನ್ ತುಣುಕೊಂದನ್ನು ನಕಲಿಸಿ ಹೆಚ್ಚಿಸುವ ಪಿಸಿಆರ್ ಪರೀಕ್ಷೆಯಾದರೋ ನಾವು ಹುಡುಕಹೊರಟದ್ದನ್ನಷ್ಟೇ ತೋರಿಸುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾಗಳನ್ನು ತಡೆಯುವ ಸೂಕ್ಷ್ಮ ಶೋಧಕದಲ್ಲಿ ನೀರನ್ನು ಸೋಸಿ, ಸೋಸಿ ಬಂದ ನೀರನ್ನು ಸಾಂದ್ರಗೊಳಿಸಿ, ಅದರಲ್ಲಿರುವ ಡಿಎನ್‌ಎ, ಆರ್‌ಎನ್‌ಎಗಳನ್ನೆಲ್ಲ ಒಟ್ಟಾಗಿ ಓದಿ, ದೊರೆತ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ತಿಳಿದಿರುವ ವೈರಸ್‌ಗಳೊಡನೆ ಹೋಲಿಸುತ್ತಾರೆ. ಇದಕ್ಕೆ ಮೆಟಾಜೀನೋಮಿಕ್ಸ್ ಎಂದು ಹೆಸರು. (ಸೋಸುವಾಗ ಗಾತ್ರದಲ್ಲಿ ದೊಡ್ಡದಾದ ವೈರಸ್‌ಗಳು ಬ್ಯಾಕ್ಟೀರಿಯಾಗಳೊಂದಿಗೇ ಹೊರಗುಳಿಯುತ್ತವೆ, ವಿಧಾನ ಬದಲಾದರೆ ಪಟ್ಟಿಯೂ ಬದಲಾಗುತ್ತದೆಂಬುದನ್ನು ಇಂಥ ವರದಿಗಳನ್ನು ಓದುವವರು ಮರೆಯಬಾರದು.)

ಪಿಟ್ಸ್‌ಬರ್ಗ್, ಬಾರ್ಸಿಲೋನಾ, ಆಡಿಸ್ ಅಬಾಬಾ ನಗರಗಳ ಸಂಸ್ಕರಿಸದ ಕೊಳಚೆ ನೀರನ್ನು ಹೀಗೆ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ತಿಳಿದಿದ್ದ 234 ವೈರಸ್‌ಗಳ ಗುರುತು ಸಿಕ್ಕಿತು. ಅವುಗಳಲ್ಲಿ ಮನುಷ್ಯರಿಗೆ ಸೋಂಕು ತಗಲಿಸುವಂಥವು 17 ಮಾತ್ರ. ಆದರೆ ಓದಿದ ತುಣುಕುಗಳಲ್ಲಿ ಹೆಚ್ಚಿನವು ಆಗ ತಿಳಿದಿದ್ದ ಯಾವ ವೈರಸ್‌ಗೂ ಹೋಲುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ಅಧ್ಯಯನದ ಮುಖ್ಯ ಫಲಿತಾಂಶ ಇದೇ.

ಹೋಲಿಕೆ ಸಿಗದ ತುಣುಕುಗಳನ್ನು ಎಸೆಯದೆ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. ಮನುಷ್ಯರ ಮಲದಿಂದ ಹಿಂದೆಯೇ ಓದಿಟ್ಟಿದ್ದ ಮಾಹಿತಿಯನ್ನು ಹೊಸದಾಗಿ ಜೋಡಿಸಿದಾಗ, ಸುಮಾರು 97,000 ಡಿಎನ್‌ಎ ಅಕ್ಷರಗಳ ಜೀನೋಮ್ (ಒಟ್ಟು ಜೀನ್ ಮಾಹಿತಿ) ಉಳ್ಳ ಕ್ರಾಸ್‌ಫೇಜ್ ಎಂಬ ಫೇಜ್ 2014ರಲ್ಲಿ ಬೆಳಕಿಗೆ ಬಂತು. ಕರುಳಿನಲ್ಲಿ ಅತಿ ಹೇರಳವಾಗಿರುವ ವೈರಸ್‌ಗಳಲ್ಲೊಂದಾದ ಇದನ್ನು ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ. ಕ್ರಾಸ್‌ಫೇಜ್‌ಗಳ ಗುಂಪಿನ ಒಂದು ಫೇಜನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಸಾಧ್ಯವಾದದ್ದು 2018ರಲ್ಲಿ.