ಬೆಳಗ್ಗೆ ನಡುಗುತ್ತದೆ, ಬಿಸಿಯಾದರೆ ಸರಿಹೋಗುತ್ತದೆ

ಪ್ರಶ್ನೆ: ನನ್ನದು 17 ವರ್ಷ ಹಳೆಯ ಪೆಟ್ರೋಲ್ ಕಾರು, ಇಂಜೆಕ್ಷನ್ ಎಂಜಿನ್. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಆರ್‌ಪಿಎಂ ಮುಳ್ಳು 500ಕ್ಕೆ ಬೀಳುತ್ತದೆ, 1,200ಕ್ಕೆ ಏರುತ್ತದೆ, ಮತ್ತೆ ಬೀಳುತ್ತದೆ. ಸ್ಟೀರಿಂಗ್ ಗಡಗಡ ನಡುಗುತ್ತದೆ. ಹತ್ತು ನಿಮಿಷ ಓಡಿಸಿದರೆ ಏನೂ ಇಲ್ಲ. ಪ್ಲಗ್, ಏರ್ ಫಿಲ್ಟರ್ ಹೊಸದು ಹಾಕಿಸಿದ್ದಾಯಿತು. ಈಗ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್‌ಗಳನ್ನೆಲ್ಲ ಬದಲಾಯಿಸೋಣ ಎನ್ನುತ್ತಾರೆ ಮೆಕ್ಯಾನಿಕ್. ಮಾಡಿಸಲೇ?

ಉತ್ತರ: ಈಗಲೇ ಬೇಡ. ಕಾರನ್ನು ಮೆಕ್ಯಾನಿಕ್ ಹತ್ತಿರ ನೀವೇ ಓಡಿಸಿಕೊಂಡು ಹೋದಿರಿ, ಅಲ್ವಾ? ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದೆ, ನಡುಕ ಹೋಗಿರುತ್ತದೆ. ಪಾಪ, ಜ್ವರ ಇಳಿದ ಮೇಲೆ ಅವರು ಮೈ ಮುಟ್ಟಿ ನೋಡುತ್ತಿದ್ದಾರೆ. ಹಿಂದಿನ ಸಂಜೆಯೇ ಕಾರು ಅಲ್ಲಿ ಬಿಟ್ಟು ಬನ್ನಿ. ಬೆಳಗಿನ ಮೊದಲ ಸ್ಟಾರ್ಟ್ ಅವರ ಕಣ್ಣೆದುರೇ ಆಗಲಿ.

ತಣ್ಣಗಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಒಂದಷ್ಟು ಒಳಗಿನ ಗೋಡೆಗೇ ಅಂಟಿಕೊಳ್ಳುತ್ತದೆ. ಅದಕ್ಕೇ ಎಂಜಿನ್ ನಡೆಸುವ ಕಂಪ್ಯೂಟರ್ ಆಗ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಎಷ್ಟು ಬಿಡಬೇಕು ಅನ್ನುವುದಕ್ಕೆ ಆ ಹೊತ್ತಿನಲ್ಲಿ ಅದು ಮುಖ್ಯವಾಗಿ ನಂಬುವುದು ಕೂಲೆಂಟ್ ಸೆನ್ಸರ್ ಮಾತನ್ನು, ಅಂದರೆ ಎಂಜಿನ್ ತಂಪಿಡುವ ದ್ರವ ಎಷ್ಟು ಬಿಸಿ ಅಂತ ಅಳೆಯುವ ಸೆನ್ಸರ್. ಪೆಟ್ರೋಲ್ ಹೆಚ್ಚೋ ಕಡಿಮೆಯೋ ಅಂತ ಹೊಗೆ ನೋಡಿ ಹೇಳುವ, ಹೊಗೆ ಪೈಪಿನ ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿ ಕಾಯುವವರೆಗೆ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟ ಮೇಲೆ ಸಣ್ಣಪುಟ್ಟ ತಪ್ಪನ್ನೆಲ್ಲ ಕಂಪ್ಯೂಟರ್ ಸರಿದೂಗಿಸಿಕೊಳ್ಳುತ್ತದೆ. ನಿಮ್ಮ ಕಾರು ಹತ್ತು ನಿಮಿಷಕ್ಕೆ ಸುಧಾರಿಸುವುದು ಹೀಗೆ. ತಪ್ಪು ಹೋಗಿಲ್ಲ, ಮುಚ್ಚಿಕೊಂಡಿದೆ ಅಷ್ಟೆ.

ನನ್ನ ಹಳೆ ಕಾರಿಗೂ ಇದೇ ಕಾಯಿಲೆ ಇತ್ತು. ಪ್ಲಗ್ ಹಾಕಿದೆ, ಕಾಯಿಲ್ ಹಾಕಿದೆ, ಎರಡು ತಿಂಗಳು ಸುಮ್ನೆ ದುಡ್ಡು ಸುರಿದೆ. ಕೊನೆಗೆ ಒಂದು ಬೆಳಗ್ಗೆ ಬಾನೆಟ್ ಎತ್ತಿ, ಅರ್ಧ ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಇನ್‌ಟೇಕ್ (ಎಂಜಿನ್‌ಗೆ ಗಾಳಿ ಹೋಗುವ ದಾರಿ) ಸುತ್ತ ಮೆಲ್ಲಗೆ ಆಡಿಸಿದೆ. ಫ್ಯಾನ್, ಬೆಲ್ಟ್ ಹತ್ತಿರ ಮಾತ್ರ ಒಯ್ಯಲಿಲ್ಲ. ಒಂದು ಕಡೆ ಸ್‌ಸ್‌ಸ್ ಅಂತ ಕೇಳಿಸಿತು. ಕಿರುಬೆರಳಿನಷ್ಟು ದಪ್ಪದ ವ್ಯಾಕ್ಯೂಮ್ ಪೈಪ್. ಮೇಲಿನಿಂದ ಹೊಸದರ ಹಾಗೇ ಕಾಣುತ್ತಿತ್ತು. ಕಿತ್ತು ಬಗ್ಗಿಸಿದರೆ ಮೊಣಕೈ ತಿರುವಿನ ಅಡಿಯಲ್ಲಿ ಸೀಳು ಬಾಯಿ ತೆರೆಯಿತು. ಅಲ್ಲಿಂದ ಬೇಡದ ಗಾಳಿ ಎಂಜಿನ್‌ಗೆ ನುಗ್ಗುತ್ತಿತ್ತು, ನಡುಕ ಅದರಿಂದಲೇ. ಹಳೇ ರಬ್ಬರ್ ತಣ್ಣಗಿದ್ದಾಗ ಕಟ್ಟಿಗೆಯಂತೆ ಬಿಗಿಯಾಗಿರುತ್ತದೆ, ಬಿಸಿಗೆ ಮೆತ್ತಗಾಗಿ ಕೂಡಿಕೊಳ್ಳುತ್ತದೆ. ನಾನು ಬಿಸಿ ಎಂಜಿನ್ ಮೇಲೆ ಹುಡುಕಿದಾಗೆಲ್ಲ ಏಕೆ ಸಿಗಲಿಲ್ಲ ಅಂತ ಆಗ ಗೊತ್ತಾಯಿತು. ನೀವೂ ಮೊದಲು ಪೈಪ್‌ಗಳನ್ನೇ ನೋಡಿ. ಬರೀ ನೋಡಬೇಡಿ, ಬಗ್ಗಿಸಿ ನೋಡಿ.

ಪೈಪ್ ಚೆನ್ನಾಗಿದ್ದರೆ ಮುಂದಿನ ಅನುಮಾನ ಕೂಲೆಂಟ್ ಸೆನ್ಸರ್ ಮೇಲೆ. ರಾತ್ರಿಯಿಡೀ ನಿಂತ ಕಾರಿಗೆ, ಸ್ಟಾರ್ಟ್ ಮಾಡುವ ಮೊದಲೇ, ಕೀ ಆನ್ ಮಾಡಿ, ಸೆನ್ಸರ್‌ಗಳ ಲೆಕ್ಕ ಓದುವ ಸ್ಕ್ಯಾನರ್ ಹಾಕಿಸಿ. ಕೂಲೆಂಟ್ ಎಷ್ಟು ಡಿಗ್ರಿ, ಒಳಗೆ ಬರುವ ಗಾಳಿ ಎಷ್ಟು ಡಿಗ್ರಿ ಅಂತ ಕೇಳಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಗಾಳಿ 18, ಕೂಲೆಂಟ್ 60 ಎಂದು ಬಂದರೆ ಕಳ್ಳ ಸಿಕ್ಕಿದ ಹಾಗೆ. ಎಂಜಿನ್ ಬಿಸಿಯಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲಿನಲ್ಲಿ ಜಿಪುಣತನ ಮಾಡುತ್ತಿದೆ.

ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯ ಬಾಗಿಲು) ಮತ್ತು ಐಡಲ್ ವಾಲ್ವ್‌ನಲ್ಲಿ (ಆಕ್ಸಿಲರೇಟರ್ ಒತ್ತದಾಗ ಗಾಳಿ ಬಿಡುವ ಕವಾಟ) ಮಸಿ ಕಟ್ಟಿದ್ದರೂ ಹೀಗಾಗುತ್ತದೆ. ಕ್ಲೀನರ್ ಹಾಕಿದ ಬಟ್ಟೆಯಲ್ಲಿ ಒರೆಸಿದರೆ ಸಾಕು, ಎಂಜಿನ್ ಆಫ್ ಇರಲಿ. ಆಕ್ಸಿಲರೇಟರ್ ಕೇಬಲ್ ಇಲ್ಲದ ಕಾರಾದರೆ ಒಳಗಿನ ತಟ್ಟೆಯನ್ನು ಬೆರಳಿನಿಂದ ತಳ್ಳಬೇಡಿ, ಮೋಟಾರ್ ಹಾಳಾಗಬಹುದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ನೋಡುವುದಂತೂ ಬೇಡವೇ ಬೇಡ, ಆ ಹೊಗೆ ಪ್ರಾಣ ತೆಗೆಯುತ್ತದೆ.

ಒಂದು ಮಾತು ಬಿಟ್ಟಿದ್ದೆ. ತಣ್ಣಗಿದ್ದಾಗ ಮುಳ್ಳು 1,200ರ ಆಸುಪಾಸು ನಿಂತು, ನಿಧಾನವಾಗಿ 800ಕ್ಕೆ ಇಳಿದರೆ ಅದು ದೋಷವಲ್ಲ, ಇರಬೇಕಾದದ್ದೇ ಹಾಗೆ. ನಿಮ್ಮದು ಕುಣಿಯುತ್ತಿದೆ, ಅದೇ ತೊಂದರೆ. ಇಷ್ಟೆಲ್ಲ ನೋಡಿದ ಮೇಲೂ ಕುಣಿದರೆ ಆಗ ಇಂಜೆಕ್ಟರ್ ಮಾತಾಡೋಣ. ಆಗಲೂ ಮೊದಲು ಬಿಚ್ಚಿ ತೊಳೆಸಿ, ಹೊಸದು ಆಮೇಲೆ.