ಕೋಳಿ ಕುಂಟಿದರೆ ಮೊದಲು ಅಂಗಾಲು ನೋಡಿ

ಪ್ರಶ್ನೆ: ನಮಸ್ತೆ ಡಾಕ್ಟರಮ್ಮ. ಮನೆ ಹಿತ್ತಲಲ್ಲಿ ಏಳೆಂಟು ಗಿರಿರಾಜ ಕೋಳಿ ಸಾಕಿದ್ದೇವೆ. ಒಂದು ಹೇಂಟೆ ವಾರದಿಂದ ಕುಂಟುತ್ತಿದೆ. ಎತ್ತಿ ನೋಡಿದರೆ ಅಂಗಾಲು ಊದಿದೆ, ನಡುವೆ ಕಪ್ಪಗೆ ಹಕ್ಕಳೆ ಕಟ್ಟಿದೆ. ಹಿಸುಕಿದರೆ ಕೀವು ಬರುವುದಿಲ್ಲ. ಬ್ಲೇಡಿನಲ್ಲಿ ಕುಯ್ದು ಸುಣ್ಣ ತುಂಬಿ ಅಂತ ನೆಂಟರು ಹೇಳಿದರು. ನನಗೆ ಧೈರ್ಯ ಬರಲಿಲ್ಲ. ಏನು ಮಾಡಲಿ? ಮೊಟ್ಟೆ ತಿನ್ನಬಹುದಾ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬ್ಲೇಡು ಹಿಡಿಯದೇ ಇದ್ದದ್ದು ಬಹಳ ಒಳ್ಳೆಯದಾಯಿತಮ್ಮ. ಸುಣ್ಣವಂತೂ ಬೇಡವೇ ಬೇಡ, ಹಸಿ ಮಾಂಸ ಸುಟ್ಟುಹೋಗುತ್ತದೆ.

ನೀವು ಬರೆದ ಲಕ್ಷಣ ನೋಡಿದರೆ ಇದು ಬಂಬಲ್‌ಫುಟ್. ಅಂಗಾಲಿಗೆ ಮುಳ್ಳೋ ಸಿಬಿರೋ ಚುಚ್ಚಿ, ಇಲ್ಲವೇ ಚರ್ಮ ಉಜ್ಜಿ ಗಾಯವಾಗುತ್ತದೆ. ಆ ಗಾಯದಿಂದ ಸ್ಟ್ಯಾಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಒಳಗೆ ಸೇರಿಕೊಳ್ಳುತ್ತದೆ. ಹೊರಗೆ ಹಕ್ಕಳೆ ಮುಚ್ಚಿಕೊಂಡರೂ ಒಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ. ಹಿಸುಕಿದರೆ ಏನೂ ಬರದಿರುವುದಕ್ಕೂ ಕಾರಣ ಇದೆ. ಕೋಳಿಯ ಕೀವು ನಮ್ಮ ಕೀವಿನ ಹಾಗೆ ನೀರಾಗುವುದಿಲ್ಲ. ಅದನ್ನು ಕರಗಿಸುವ ಕಿಣ್ವ ಹಕ್ಕಿಗಳ ಬಿಳಿ ರಕ್ತಕಣದಲ್ಲಿ ಇಲ್ಲ. ಹಾಗಾಗಿ ಗಟ್ಟಿ ಗಿಣ್ಣಿನ ತುಂಡಿನ ಹಾಗೆ ಒಳಗೇ ಕೂತುಬಿಡುತ್ತದೆ. ಹಿಸುಕಿದಷ್ಟೂ ಸೋಂಕು ಆಳಕ್ಕೆ ಹೋಗುತ್ತದೆ, ಹಕ್ಕಿಗೆ ನೋವೂ ಜಾಸ್ತಿ.

ಈಗ ಆ ಹೇಂಟೆಯನ್ನು ಬೇರೆ ಇಡಿ. ದೊಡ್ಡ ಬುಟ್ಟಿಯಲ್ಲಿ ಒಣಹುಲ್ಲು ಹಾಸಿದರೆ ಸಾಕು. ನೀರು, ಕಾಳು ಬಾಯಿಗೆ ಎಟುಕುವ ಹಾಗಿರಲಿ, ಏಕೆಂದರೆ ಕಾಲು ನೋಯುವ ಕೋಳಿ ನಡೆದು ಹೋಗಿ ತಿನ್ನುವುದನ್ನೇ ಬಿಡುತ್ತದೆ. ದಿನಕ್ಕೊಮ್ಮೆ ಬೆಚ್ಚಗಿನ ನೀರಿನಲ್ಲಿ ಕಾಲನ್ನು ಹತ್ತು ಹದಿನೈದು ನಿಮಿಷ ನೆನೆಸಿ. ನಿಮ್ಮ ಮೊಣಕೈಗೆ ಹಿತವಾಗುವಷ್ಟು ಬಿಸಿ ಸಾಕು. ಲೀಟರಿಗೆ ಒಂದೆರಡು ಚಮಚ ಎಪ್ಸಮ್ ಉಪ್ಪು ಹಾಕಿ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಕೋಳಿಯ ಕಣ್ಣಿನ ಮೇಲೆ ಟವೆಲ್ ಹೊದೆಸಿ ತೊಡೆಯ ಮೇಲೆ ಕೂರಿಸಿಕೊಂಡರೆ ಒದ್ದಾಡುವುದಿಲ್ಲ.

ಆಮೇಲೆ ಕಾಲನ್ನು ಪೂರ್ತಿ ಒರೆಸಿ. ಒದ್ದೆ ಇರುವಾಗ ಕಟ್ಟು ಹಾಕಬೇಡಿ. ಪೊವಿಡೋನ್ ಅಯೋಡಿನ್ ಹಚ್ಚಿ, ಹತ್ತಿಬಟ್ಟೆಯ ಪಟ್ಟಿಯನ್ನು ಬೆರಳುಗಳ ಸಂದಿಯಿಂದ ತಂದು ಸುತ್ತಿ. ಸ್ವಲ್ಪ ಹೊತ್ತು ಬಿಟ್ಟು ಬೆರಳು ಮುಟ್ಟಿ ನೋಡಿ. ತಣ್ಣಗಾಗಿದ್ದರೆ ಅಥವಾ ಊದಿದ್ದರೆ ಕಟ್ಟು ಬಿಗಿಯಾಗಿದೆ ಎಂದರ್ಥ, ಸಡಿಲ ಮಾಡಿ. ಇದನ್ನೆಲ್ಲ ಮಾಡುವಾಗ ಕೈಗೆ ಗ್ಲೌಸ್ ಇರಲಿ. ಇದೇ ಬ್ಯಾಕ್ಟೀರಿಯಾ ನಿಮ್ಮ ಕೈಯ ಗಾಯಕ್ಕೂ ಸೇರಬಹುದು. ಮನೆಯಲ್ಲಿರುವ ನೋವಿನ ಮಾತ್ರೆ, ನೋವಿನ ಮುಲಾಮು ಕೋಳಿಗೆ ಬೇಡ.

ಊತ ಸಣ್ಣದಿದ್ದರೆ ಇಷ್ಟರಲ್ಲೇ ಮೆತ್ತಗಾಗುತ್ತದೆ. ನಾಲ್ಕೈದು ದಿನದಲ್ಲಿ ಇಳಿಯದಿದ್ದರೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಊತ ಬೆರಳ ಸಂದಿಗೆ ಅಥವಾ ಮೇಲಿನ ಕೀಲಿನ ಕಡೆಗೆ ಹತ್ತುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಆಗ ಸೋಂಕು ಸ್ನಾಯು, ಮೂಳೆ ಮುಟ್ಟಿರಬಹುದು. ಒಳಗಿನ ಗಟ್ಟಿಯನ್ನು ಮರಗಟ್ಟಿಸಿ ತೆಗೆಯುವುದು ವೈದ್ಯರ ಕೆಲಸ. ಅಂಗಾಲಿನಲ್ಲಿ ನರ, ರಕ್ತನಾಳ ಎಲ್ಲ ಒತ್ತೊತ್ತಾಗಿವೆ, ಮನೆಯಲ್ಲಿ ಕೆದಕುವ ಜಾಗ ಅಲ್ಲ.

"ಒಂದು ಕೋಳಿಗೆ ಡಾಕ್ಟರಾ?" ಅಂತ ಯಾರಾದರೂ ನಕ್ಕರೆ ಕಿವಿಗೆ ಹಾಕಿಕೊಳ್ಳಬೇಡಿ. ನಾನು ಕೆಲಸದಲ್ಲಿದ್ದಾಗ ಒಂದು ಮಳೆಯ ಬೆಳಿಗ್ಗೆ ಅಜ್ಜಿಯೊಬ್ಬರು ಬಟ್ಟೆ ಚೀಲದಲ್ಲಿ ಹೇಂಟೆಯನ್ನು ಕೂರಿಸಿಕೊಂಡು ಬಂದಿದ್ದರು. ಅದರ ತಲೆ ಮಾತ್ರ ಹೊರಗಿತ್ತು. ದನ ಹಿಡಿದುಕೊಂಡು ಬಂದವರ ಸಾಲಿನಲ್ಲಿ ಹಿಂದೆ ಹಿಂದೆ ಸರಿಯುತ್ತ ನಿಂತಿದ್ದರು. ಕಾಲು ಬಿಚ್ಚಿ ನೋಡಿದರೆ ಅಂಗಾಲಿನಲ್ಲಿ ಅಡಿಕೆ ದಬ್ಬೆಯ, ಅಂದರೆ ಸೀಳಿದ ಅಡಿಕೆ ಮರದ ಸಿಬಿರು ಹಾಗೇ ಇತ್ತು. ನೋವು ಹಸುವಿಗೂ ಕೋಳಿಗೂ ಒಂದೇ. ಚಿಕಿತ್ಸೆ ಕೇಳಲು ಸಂಕೋಚ ಏಕೆ?

ಈ ದಬ್ಬೆಯ ವಿಷಯವನ್ನು ನಿಮಗೂ ಹೇಳಲೇಬೇಕು. ಮಲೆನಾಡಿನಲ್ಲಿ ಕೋಳಿ ಒಡ್ಡಿಗೆ ಅಡಿಕೆ ದಬ್ಬೆಯನ್ನೇ ಅಡ್ಡಹಾಕುವುದು ರೂಢಿ ಅಲ್ವಾ? ಸೀಳಿದ ಅಂಚಿನಲ್ಲಿ, ಒಳಮೈಯಲ್ಲಿ ನಾರಿನ ಸಿಬಿರು ಸೂಜಿಯಷ್ಟು ಚೂಪಾಗಿರುತ್ತವೆ. ಕೋಳಿ ರಾತ್ರಿಯಿಡೀ ಅದರ ಮೇಲೆ ಕೂರುತ್ತದೆ. ಹಳೇ ಪಂಚೆಯ ತುಂಡನ್ನು ಅಡ್ಡದ ಮೇಲೆ ಒಮ್ಮೆ ಎಳೆದು ನೋಡಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಅಂಗಾಲೂ ಸಿಕ್ಕಿಕೊಳ್ಳುತ್ತದೆ. ಅಂಚನ್ನು ಕತ್ತಿಯಲ್ಲಿ ಚೆನ್ನಾಗಿ ಹೆರೆಯಿರಿ, ಇಲ್ಲವಾದರೆ ಎರಡು ಇಂಚು ಅಗಲದ ನುಣುಪಾದ ಮರದ ಪಟ್ಟಿ ಹಾಕಿ.

ಎತ್ತರವೂ ಮುಖ್ಯ. ಗಿರಿರಾಜ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಿಗೆಂದೇ ಅಭಿವೃದ್ಧಿಪಡಿಸಿದ ತಳಿ, ಆದರೆ ನಾಟಿ ಕೋಳಿಗಿಂತ ಬಹಳ ಭಾರ. ನಾಟಿ ಹೇಂಟೆ ಅಟ್ಟದಿಂದ ಹಾರಿದರೂ ಹಗುರವಾಗಿ ಇಳಿಯುತ್ತದೆ. ಗಿರಿರಾಜ ಧೊಪ್ಪೆಂದು ಬೀಳುತ್ತದೆ, ಅದೂ ಸಿಮೆಂಟು ನೆಲಕ್ಕೆ. ಅಡ್ಡ ಒಂದೂವರೆ ಅಡಿಗಿಂತ ಎತ್ತರ ಬೇಡ. ಅನ್ನ ಜಾಸ್ತಿ ಹಾಕಿ ಕೊಬ್ಬಿಸಬೇಡಿ. ನುಗ್ಗೆ ಸೊಪ್ಪು ಕೊಡಿ, ಅದರಲ್ಲಿರುವ ಎ ಜೀವಸತ್ವದ ಅಂಶ ಚರ್ಮಕ್ಕೆ ಒಳ್ಳೆಯದು.

ಮಳೆಗಾಲದಲ್ಲಿ ನೆಲ ಒಣಗಿಸುವುದು ಕಷ್ಟ, ಗೊತ್ತು. ದರಗಿನ (ಒಣ ಎಲೆಯ) ಬದಲು ಭತ್ತದ ಹೊಟ್ಟು ಎರಡು ಮೂರು ಇಂಚು ಹಾಸಿ. ಒಂದು ಹಿಡಿ ತೆಗೆದು ಅದುಮಿ. ಉಂಡೆ ಕಟ್ಟಿದರೆ ಒದ್ದೆಯಾಗಿದೆ, ತೆಗೆದು ಹೊಸದು ಹಾಕಿ. ಒಲೆಯ ಬೂದಿ ಹರಡುವವರು ಒಣ ಜಾಗದಲ್ಲಿ ಮಾತ್ರ ಹರಡಿ. ಬೂದಿ ನೆಂದರೆ ಕ್ಷಾರವಾಗಿ ಪಾದ ಕೊರೆಯುತ್ತದೆ.

ಔಷಧಿ ಕೊಡದಿದ್ದರೆ ಮೊಟ್ಟೆ ತಿನ್ನಬಹುದು. ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಮೊಟ್ಟೆ ಬಿಡಬೇಕೆಂದು ಅವರನ್ನೇ ಕೇಳಿ. ಅದು ಔಷಧಿಯಿಂದ ಔಷಧಿಗೆ ಬೇರೆ.

ಇನ್ನೊಂದು ಮಾತು. ಅಂಗಾಲು ಸ್ವಚ್ಛವಾಗಿದ್ದೂ ಎಳೆ ಕೋಳಿ ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಮಲಗಿದರೆ ಅದು ಮಾರೆಕ್ಸ್ ಅನ್ನುವ, ನರಕ್ಕೆ ತಗಲುವ ವೈರಸ್ ರೋಗ ಇರಬಹುದು. ನಾಲ್ಕಾರು ಕೋಳಿ ಒಟ್ಟಿಗೇ ಕಾಲು ಸೋತರೂ ಸುಮ್ನೆ ನೆನೆಸುತ್ತ ಕೂರಬೇಡಿ, ತಕ್ಷಣ ತೋರಿಸಿ.

ಪ್ರಶ್ನೆ: ನಮ್ಮ ಹಳೇ ಹುಂಜದ ಕಾಲಿನ ಹುರುಪೆ ಎದ್ದು ನಿಂತು ಬಿಳಿಯ ಹಿಟ್ಟು ಮೆತ್ತಿದ ಹಾಗಿದೆ. ಸೀಮೆಎಣ್ಣೆ ಹಚ್ಚಬಹುದಾ?
— ಓದುಗರೊಬ್ಬರು, ಮಂಡ್ಯ

ಉತ್ತರ: ಸೀಮೆಎಣ್ಣೆ ಬೇಡ, ಚರ್ಮ ಸುಡುತ್ತದೆ. ಇದು ಹುರುಪೆಯ ಅಡಿ ಕೊರೆದು ಸೇರುವ ನುಸಿಯ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣದು. ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಮೃದುವಾಗಿ ಉಜ್ಜಿ, ಒಣಗಿದ ಮೇಲೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ. ನುಸಿಗೆ ಉಸಿರುಗಟ್ಟುತ್ತದೆ. ಹುರುಪೆಯನ್ನು ಕಿತ್ತು ತೆಗೆಯಬೇಡಿ, ರಕ್ತ ಬರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಹಚ್ಚುತ್ತ ಕೆಲವು ವಾರ ಬಿಡದೆ ಮಾಡಿ. ಇದು ಒಂದರಿಂದ ಒಂದಕ್ಕೆ ಹರಡುವುದರಿಂದ ಉಳಿದ ಕೋಳಿಗಳ ಕಾಲನ್ನೂ ನೋಡಿ, ಅವು ಕೂರುವ ಅಡ್ಡವನ್ನೂ ಉಜ್ಜಿ ತೊಳೆದು ಬಿಸಿಲಿಗೆ ಹಾಕಿ.