ಮೊದಲು ಪತ್ರ ಓದಿ, ಆಮೇಲೆ ಧ್ಯಾನ ಪುಸ್ತಕ

ಪ್ರಶ್ನೆ: ನಾಲ್ಕು ವರ್ಷಗಳಿಂದ ದಿನಕ್ಕೊಂದು ಪುಟದ ಅನುದಿನ ಧ್ಯಾನ ಪುಸ್ತಕ ಓದುತ್ತಿದ್ದೇನೆ. ಓದುವಾಗ ಹಿತವೆನಿಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಮರೆತೇ ಹೋಗಿರುತ್ತದೆ. ಇದಕ್ಕಿಂತ ಆಳವಾದ ಪುಸ್ತಕ ಯಾವುದು?

ಉತ್ತರ: ಮತ್ತೆ ಇದೇ ಪ್ರಶ್ನೆ. ಇನ್ನೊಂದು ಪುಸ್ತಕ ಕೊಳ್ಳಬೇಡಿ, ಕೈಯಲ್ಲಿರುವುದನ್ನೇ ಪರೀಕ್ಷಿಸಿ. ಇವತ್ತಿನ ಪುಟಕ್ಕೆ ಆಧಾರವಾದ ಬೈಬಲ್ ವಚನವನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. ವಚನವಿಲ್ಲದೆಯೂ ಪುಟ ಸಲೀಸಾಗಿ ಸಾಗಿದರೆ, ಲೇಖಕರು ತಮ್ಮ ಮಾತನ್ನು ಮೊದಲೇ ಬರೆದು ವಚನವನ್ನು ಆಮೇಲೆ ಅಂಟಿಸಿದ್ದಾರೆ ಎಂದರ್ಥ. ಹತ್ತು ಪುಟ ನೋಡಿ. ಅರ್ಧಕ್ಕಿಂತ ಹೆಚ್ಚು ಹೀಗಿದ್ದರೆ ಪುಸ್ತಕ ಕಪಾಟಿಗೆ ಹೋಗಲಿ.

ಹೀಗೆ ಅಂಟಿಸಿಕೊಂಡು ಸವೆದುಹೋದ ವಚನ ಯೆರೆಮೀಯ 29:11. ಹಿತದ ಆಲೋಚನೆಗಳ ಈ ವಾಗ್ದಾನ ಪರೀಕ್ಷೆಗೆ, ಮದುವೆಗೆ, ವ್ಯಾಪಾರಕ್ಕೆ ಎಲ್ಲದಕ್ಕೂ ಬರುತ್ತದೆ. ಅದು ಪ್ರವಾದಿ ಯೆರೆಮೀಯ ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ. ಹತ್ತನೆಯ ವಚನ ಎಪ್ಪತ್ತು ವರ್ಷ ಕಾಯಬೇಕೆನ್ನುತ್ತದೆ. ಅಂದರೆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವವರಲ್ಲ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಅವರಿಗೆ ಹೇಳಿದೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದವನು ಹನನ್ಯ, 28ನೆಯ ಅಧ್ಯಾಯದ ಸುಳ್ಳು ಪ್ರವಾದಿ. ಇಂದಿನ ಎಷ್ಟೋ ವಾಗ್ದಾನ ಕಾರ್ಡುಗಳು ಯೆರೆಮೀಯನ ಹೆಸರಿನಲ್ಲಿ ಹನನ್ಯನ ಸಂದೇಶವನ್ನೇ ಹಂಚುತ್ತಿವೆ.

ಈಗ ಕೆಲಸಕ್ಕೆ ಬನ್ನಿ. ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರ ತೆಗೆದುಕೊಳ್ಳಿ. ನಾಲ್ಕು ಅಧ್ಯಾಯ, 104 ವಚನ. ಗಟ್ಟಿಯಾಗಿ ಓದಿದರೂ ಇಪ್ಪತ್ತು ನಿಮಿಷ ದಾಟದು. ಮೊದಲ ದಿನ ಒಂದೇ ಸಲಕ್ಕೆ ಪೂರ್ತಿ ಓದಿ. ವಚನದ ಅಂಕಿಗಳ ಮೇಲೆ ನಿಲ್ಲಬೇಡಿ, ಅವನ್ನು ಹಾಕಿದ್ದು ಪೌಲನಲ್ಲ, 1551ರಲ್ಲಿ ಮುದ್ರಕ ರಾಬರ್ಟ್ ಎಸ್ಟಿಯೆನ್. ಎರಡನೆಯ ದಿನ ಮತ್ತೆ ಪೂರ್ತಿ ಓದಿ, ಪೆನ್ಸಿಲ್ ಹಿಡಿದು: ಬರೆದವನು ಬೇಡಿಯಲ್ಲಿದ್ದಾನೆ, ಸಭೆಯವರು ಕಳುಹಿಸಿದ ಎಪಫ್ರೊದೀತ ಕಾಯಿಲೆ ಬಿದ್ದು ಎದ್ದಿದ್ದಾನೆ, ಸಭೆಯ ಇಬ್ಬರು ಹೆಂಗಸರಿಗೆ ಮನಸ್ತಾಪವಾಗಿದೆ, ಸಭೆಯವರು ಸಹಾಯ ಕಳುಹಿಸಿದ್ದಾರೆ. ಮೂರನೆಯ ದಿನದಿಂದ ದಿನಕ್ಕೊಂದು ಪ್ಯಾರಾ. ‘ಇಲ್ಲಿ ಪೌಲನು ಅವರಿಗೆ ಏನು ಹೇಳುತ್ತಿದ್ದಾನೆ’ ಎಂದು ಒಂದು ಸಾಲು ಬರೆದ ಮೇಲೆಯೇ ‘ನನಗೇನು’ ಎಂದು ಕೇಳಿಕೊಳ್ಳಿ. ಹನ್ನೆರಡನೆಯ ಶತಮಾನದ ಸನ್ಯಾಸಿ ಎರಡನೆಯ ಗ್ವಿಗೋ ಓದು, ಮನನ, ಪ್ರಾರ್ಥನೆ, ದರ್ಶನ ಎಂದು ನಾಲ್ಕು ಮೆಟ್ಟಿಲು ಹೇಳಿದ್ದರು. ನಮ್ಮ ಒಂದು ಪುಟದ ಪುಸ್ತಕಗಳು ಮೊದಲನೆಯದನ್ನು ಹಾರಿಸಿಯೇ ಶುರುವಾಗುತ್ತವೆ.

ಹೀಗೆ ಓದಿ 4:13ಕ್ಕೆ ಬಂದಾಗ ‘ಎಲ್ಲಕ್ಕೂ ಶಕ್ತನಾಗಿದ್ದೇನೆ’ ಎಂಬುದು ಗೆಲುವಿನ ಘೋಷಣೆಯಾಗಿ ಕೇಳಿಸದು. ಹಸಿವಿನಲ್ಲೂ ಸಮೃದ್ಧಿಯಲ್ಲೂ ಬದುಕಲು ಕಲಿತವನ ಮಾತು ಅದು.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ಓದಿ ಲೆಕ್ಕ ಸರಿದೂಗಿಸುತ್ತಾರೆ, ವಾರದೊಳಗೆ ಬಿಟ್ಟೇಬಿಡುತ್ತಾರೆ. ನಿಂತಲ್ಲಿಂದ ಮುಂದುವರಿಸಿ, ಸಾಕು. ಇನ್ನೊಂದು, ವ್ಯಾಖ್ಯಾನವನ್ನು ಮೊದಲೇ ತೆರೆಯುವುದು. ನಿಮ್ಮದೇ ಪ್ರಶ್ನೆಗಳು ಪುಸ್ತಕದ ಅಂಚಿನಲ್ಲಿ ಮೂಡುವ ತನಕ ಅದನ್ನು ಮುಟ್ಟಬೇಡಿ.

ಪ್ರಶ್ನೆ: ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ನಮ್ಮ ಪ್ರೊಟೆಸ್ಟಂಟರದರಲ್ಲಿ 66. ಅವರು ಸೇರಿಸಿದ್ದೇ?

ಉತ್ತರ: ಹಾಗೆಂದು ಹೇಳುವ ಕರಪತ್ರ ಹರಿದುಹಾಕಿ. ಪ್ರೊಟೆಸ್ಟಂಟ್ ಸುಧಾರಕ ಲೂಥರರ 1534ರ ಬೈಬಲಿನಲ್ಲೂ ಆ ಪುಸ್ತಕಗಳಿದ್ದವು, ಎರಡು ಒಡಂಬಡಿಕೆಗಳ ನಡುವೆ, ಬೇರೆಯಾಗಿ.

ಪ್ರಶ್ನೆ: ಅಂತ್ಯಕಾಲದ ತಾರೀಕು ಕೊಟ್ಟಿರುವ ಪುಸ್ತಕ ನಂಬಬಹುದೇ?

ಉತ್ತರ: ಮತ್ತಾಯ 24:36 ಓದಿ, ಆ ದಿನ ತಂದೆಯಾದ ದೇವರಿಗಲ್ಲದೆ ಯಾರಿಗೂ ತಿಳಿಯದು. ಕ್ರಿಸ್ತ ಮರಳಿ ಬರುವುದು 1844ರ ಅಕ್ಟೋಬರ್ 22 ಎಂದು ನಂಬಿ ಕಾದ, ಅಮೆರಿಕದ ಬೋಧಕ ಮಿಲ್ಲರನ ಹಿಂಬಾಲಕರು 23ರಂದು ಕಣ್ಣು ಬಿಟ್ಟದ್ದು ಇದೇ ಲೋಕದಲ್ಲಿ.

ಪ್ರಶ್ನೆ: ಕಣ್ಣು ಮುಚ್ಚಿ ಬೈಬಲ್ ತೆರೆದಾಗಲೆಲ್ಲ ನನಗೆ ಕೀರ್ತನೆಯೇ ಸಿಗುತ್ತದೆ. ಇದು ದೇವರ ಸೂಚನೆಯೇ?

ಉತ್ತರ: ಕೀರ್ತನೆಗಳು ಪುಸ್ತಕದ ನಡುವಿನಲ್ಲಿವೆ. ಮಿಕ್ಕಿದ್ದು ಬೈಂಡಿಂಗಿನ ಗುಣ.